ತಾರಿಕೊಪ್ಪದ ಹದ್ದಿನ ಕಲ್ಲು

೧೯೩೮ನೆಯ ಇಸವಿ, ಫೆಬ್ರುವರಿ ಎಂಟು, ಮಂಗಳವಾರ. ಹುಬ್ಬಳ್ಳಿಯ ಠಾಣೆಯಲ್ಲಿ ಫೌಜದಾರ ಗುರುಸಿದ್ದಯ್ಯ ಬೆಳಗಿನ ಹಾಜರಿ ಮುಗಿಸುತ್ತಿದ್ದಂತೆ ಮುನ್ಸಿಪಾಲಿಟಿಯ ಓವರ್‌ಸಿಯರ್ ಸೈಕಲ್ಲನ್ನು ಮೆಟ್ಟಿಲಿಗೇ ಕೆಡವಿ ಒಳಗೆ ಬಂದ.

"ಸಾಹೇಬ್ರ, ತಾರಿಕೊಪ್ಪದ ಹದ್ದಿನ ಕಲ್ಲಿನ ಕಡೆ ನಮ್ಮ ಪಹರೆಯವ ಸತ್ತು ಬಿದ್ದಾನ್ರಿ."

"ಯಾರು?"

"ದ್ಯಾಮಣ್ಣ ಅಂತ. ಆ ಕಲ್ಲು ಕಾಯಾಕನ ಹೋದ ವಾರ ಇಟ್ಟಿದ್ವಿ. ಕಲ್ಲೂ ಕಿತ್ತೈತಿ, ಅವನ ತಲಿನೂ ಒಡದೈತಿ."

"ಯಾರ ಮ್ಯಾಲರೆ ಸಂಶಯ?"

"ಹತ್ತಿ ವ್ಯಾಪಾರಿ ಅಡಿವೆಪ್ಪನ ಮ್ಯಾಲರಿ. ಅವಂದು ಗೋದಾಮು ಅಲ್ಲೇ ಐತಿ. ಹದ್ದು ಹಿಂದ ಸರದ್ರ ಅವಗ ಜಕಾತಿ ಉಳೀತೈತಿ."

ಗುರುಸಿದ್ದಯ್ಯ ಅಷ್ಟನ್ನೂ ಎಫ್.ಐ.ಆರ್.ನಲ್ಲಿ ಬರೆಸಿಕೊಂಡು, ಓವರ್‌ಸಿಯರನ ಸಹಿ ಮಾಡಿಸಿ, ಹವಾಲ್ದಾರ ಅಬ್ದುಲಮಜೀದನನ್ನು ಕರೆದುಕೊಂಡು ಟಾಂಗಾ ಹತ್ತಿದ.

ತಾರಿಕೊಪ್ಪ ಅಂದರೆ ಧಾರವಾಡದ ರಸ್ತೆಯ ಬದಿಗೆ, ಬೈರಿದೇವರಕೊಪ್ಪಕ್ಕಿಂತ ಈಚೆಗೆ ಇರುವ ನೂರು ಮನೆಯ ಊರು. ಹೊಸ ವರ್ಷದ ಮೊದಲ ದಿನದಿಂದ ಅದು ಹುಬ್ಬಳ್ಳಿಯೊಳಗೆ ಸೇರಿತ್ತು. ಅಂದು ಡಂಗುರ ಸಾರಿದ್ದರು: ಇನ್ನು ಮನೆಪಟ್ಟಿ ಕಟ್ಟಬೇಕು, ನಳ ಬರುತ್ತದೆ, ದೀಪ ಬರುತ್ತವೆ, ಬಯಲು ಗೋದಾಮುಗಳಿಗೆ ಜಕಾತಿ ಬೀಳುತ್ತದೆ, ಹೊಸ ಗಡಿಯೊಳಗಿನ ಸ್ಮಶಾನ ಕಬರಸ್ಥಾನಗಳೆಲ್ಲ ಮುಚ್ಚುತ್ತವೆ. ಪಟ್ಟಿಯ ನೋಟೀಸು ಕೂಡಲೇ ಬಂದಿತ್ತು. ದೀಪದ ಕಂಬ ಒಂದು ಬಂದಿತ್ತು, ದೀಪ ಬಂದಿರಲಿಲ್ಲ. ಪಟ್ಟಣದ ಗಡಿ ತೋರಿಸಲು ಊರ ಅಂಚಿನಲ್ಲಿ ನೆಟ್ಟ ಹದ್ದಿನ ಕಲ್ಲುಗಳಲ್ಲಿ ಒಂದು ಮಾತ್ರ ಜನವರಿಯಲ್ಲಿ ಎರಡು ಸಲ ಜಾಗ ಬಿಟ್ಟು ಸರಿದಿತ್ತು. ಎರಡೂ ಸಲ ಮತ್ತೆ ನೆಟ್ಟಿದ್ದರು. ಅದಕ್ಕೇ ದ್ಯಾಮಣ್ಣನ ಪಹರೆ.

ಶವದ ಹತ್ತಿರ ಜನ ಸೇರಿದ್ದರು. ಇಬ್ಬರು ಪಂಚರನ್ನು ಆರಿಸಿ ಗುರುಸಿದ್ದಯ್ಯ ಪಂಚನಾಮೆ ಶುರು ಮಾಡಿದ. ವಯಸ್ಸು ನಲವತ್ತರ ಸುಮಾರು. ತಲೆಯ ಹಿಂಭಾಗಕ್ಕೆ ಆಳದ ಪೆಟ್ಟು. ಕಿತ್ತ ಕಲ್ಲಿನ ಮೂಲೆಗೆ ರಕ್ತ, ಕೂದಲು. ಕಲ್ಲಿನ ಕೆಳಗೆ ಎರಡು ಉರುಳುಗಟ್ಟಿಗೆ. ಇಲ್ಲಿವರೆಗೆ ಎಲ್ಲವೂ ಬಡಿದಾಟದ ಲೆಕ್ಕವೇ. ಆದರೆ ಮುಖದ ಮೇಲೆ ಒಂದು ಹನಿ ರಕ್ತವಿರಲಿಲ್ಲ. ಯಾರೋ ತೊಳೆದಿದ್ದರು. ಕಣ್ಣು ಮುಚ್ಚಿದ್ದವು. ತಲೆಯ ಕೆಳಗೆ ರುಮಾಲೊಂದನ್ನು ನಾಲ್ಕು ಮಡಿಕೆ ಮಾಡಿ ಇಟ್ಟಿದ್ದರು.

ಕೊಂದವನು ತಲೆದಿಂಬು ಇಟ್ಟು ಹೋದದ್ದನ್ನು ಗುರುಸಿದ್ದಯ್ಯ ತನ್ನ ಹದಿನಾರು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ. ರುಮಾಲನ್ನು ಎತ್ತಿ ಝಾಡಿಸಿದ. ಬೂದಿಬಣ್ಣದ ಕಲ್ಲುಪುಡಿ ಉದುರಿತು.

ಅಬ್ದುಲಮಜೀದ ಏನೋ ಹೇಳಲು ಬಾಯಿ ತೆರೆದು, ಜನರತ್ತ ನೋಡಿ, ಸುಮ್ಮನಾದ. ಶವವನ್ನು ದವಾಖಾನೆಗೆ ಕಳಿಸಿ ಜನ ಚದುರಿದ ಮೇಲೆ ಗುರುಸಿದ್ದಯ್ಯನೇ ಕೇಳಿದ.

"ಏನ್ ಮಜೀದ, ಮಾತು ನುಂಗಿದೆಲ್ಲ?"

ಹವಾಲ್ದಾರ ಕಾಲಿನಿಂದ ಮಣ್ಣು ಕೆದಕಿದ. "ತಲಿ ಉತ್ತರಕ್ಕಿತ್ರಿ. ಮಾರಿ ಪಶ್ಚಿಮಕ್ಕ ತಿರುಗಿಸಿದ್ರು. ನಮ್ಮವ್ರು ಸತ್ತಾಗ ನಾವು ಹಂಗ ಮಲಗಸ್ತೇವ್ರಿ."

ಈ ಮಾತು ಪೇಟೆಗೆ ಹೋದರೆ ಸಂಜೆಯೊಳಗೆ ಅಂಗಡಿಗಳ ಬಾಗಿಲು ಬೀಳುತ್ತವೆ ಎಂಬುದು ಇಬ್ಬರಿಗೂ ಗೊತ್ತಿತ್ತು.

"ಯಾರ ಮುಂದೂ ಆಡಬ್ಯಾಡ."

"ನಿಮ್ಮ ಮುಂದ ಆಡಲೋ ಬ್ಯಾಡೋ ಅಂತನ ವಿಚಾರ ಮಾಡಾಕತ್ತಿದ್ದೆ ನೋಡ್ರಿ," ಎಂದ ಅಬ್ದುಲಮಜೀದ.

ಮಧ್ಯಾಹ್ನ ಅಡಿವೆಪ್ಪನ ಗೋದಾಮಿಗೆ ಹೋದರು. ಅವನು ಹತ್ತಿಯ ಅಂಡಿಗೆಯ ಮೇಲೆ ಕೂತು ವೀಳ್ಯ ಮಡಚುತ್ತಿದ್ದ; ಎದ್ದು ಕೈ ಮುಗಿದ.

"ನಿನ್ನಿ ರಾತ್ರಿ ಎಲ್ಲಿದ್ರಿ?"

"ಗರಗದಾಗ ಮಗಳ ಮನಿಯೊಳಗ್ರಿ. ಬೀಗರ ಸಾಕ್ಷಿ ಐತಿ."

"ಕಲ್ಲು ಸರದ್ರ ನಿಮಗ ಫಾಯದೆ ಅಲ್ಲೇನು?"

"ಎಲ್ಲೀ ಫಾಯದೆರಿ ಸಾಹೇಬ್ರ? ಓವರ್‌ಸಿಯರ್ ಬಾಯಿಗೆ ಬಂದದ್ದು ಅಂತಾನ. ಆ ಕಲ್ಲು ಮೂರು ಸಲ ಸರಿದ್ರೂ ನನ್ನ ಗೋದಾಮು ಒಳಗನ ಉಳೀತೈತಿ. ನೀವ ಹೋಗಿ ನಿಂತು ನೋಡ್ರಿ, ಹೊರಗ ಏನು ಬೀಳತೈತಿ ಅಂತ."

ಹೋಗಿ ನಿಂತು ನೋಡಿದರು. ಮಣ್ಣಿನಲ್ಲಿ ಕಲ್ಲು ಎಳೆದ ಗೆರೆ ಊರ ಕಡೆಗೆ ಇತ್ತು. ಹಿಂದೆ ಎರಡು ಸಲ ಕಲ್ಲು ಸಿಕ್ಕ ಜಾಗವೂ ಅದೇ ದಿಕ್ಕಿಗೆ. ಅಲ್ಲಿ ಕಲ್ಲು ನೆಟ್ಟರೆ ಗೋದಾಮು ಒಳಗೆ, ಮನೆಗಳು ಒಳಗೆ, ಹೊಲ ಒಳಗೆ. ಹೊರಗೆ ಬೀಳುತ್ತಿದ್ದದ್ದು ಕಳ್ಳಿಬೇಲಿಯ ಒಂದು ತುಂಡು ಭೂಮಿ ಮಾತ್ರ: ತಾರಿಕೊಪ್ಪದ ಹಳೆಯ ಕಬರಸ್ಥಾನ.

ಬಾಗಿಲಿಗೆ ಮುನ್ಸಿಪಾಲಿಟಿಯ ಹಲಗೆ ಬಡಿದಿತ್ತು. "ಇಲ್ಲಿ ಹೂಳುವುದನ್ನು ನಿಷೇಧಿಸಿದೆ" ಎಂದು ಬರೆದಿತ್ತು. ಒಳಗೆ ಹುಲ್ಲು ಬೆಳೆದು ಗೋರಿಗಳು ಮುಳುಗಿದ್ದವು. ಒಂದು ಬೇವಿನ ಗಿಡದ ಕೆಳಗೆ ಮಾತ್ರ ಕಸ ಗುಡಿಸಿತ್ತು. ಅಲ್ಲಿ ಮೂರು ಸಣ್ಣ ಗೋರಿಗಳು, ತಿದ್ದಿ ನಯ ಮಾಡಿದ ಕಲ್ಲಿನವು. ಅವುಗಳ ಪಕ್ಕಕ್ಕೆ ಒಬ್ಬರು ಮಲಗುವಷ್ಟು ಜಾಗಕ್ಕೆ ಸುತ್ತ ಗುಂಡುಗಲ್ಲು ಜೋಡಿಸಿದ್ದರು.

"ಯಾರ ಮಕ್ಕಳಿವು?"

ಅಬ್ದುಲಮಜೀದನ ದನಿ ಇಳಿಯಿತು. "ಕಲ್ಲುಕುಟಿಗ ಗೌಸಮೊದ್ದೀನಂದ್ರಿ. ಇನ್‌ಫ್ಲುಯೆಂಜಾ ಬಂದ ವರ್ಷ, ಒಂದ ವಾರದಾಗ ಮೂರೂ ಹೋದುವು. ಆಮ್ಯಾಲೆ ಆ ತಾಯಿಗೆ ಮಕ್ಕಳಾಗಲಿಲ್ಲ." ಸ್ವಲ್ಪ ತಡೆದು ಹೇಳಿದ: "ಹದ್ದಿನ ಕಲ್ಲು ಕಡದು ನಟ್ಟಾಂವನೂ ಅವನರಿ. ಗುತ್ತಿಗಿ ಅವಂದ ಇತ್ತು."

ಮರುದಿನ ಬುಧವಾರ ದವಾಖಾನೆಯ ವರದಿ ಬಂತು. ಹೊಡೆದ ಪೆಟ್ಟಲ್ಲ, ಹಿಂದಕ್ಕೆ ಬಿದ್ದು ಆದ ಪೆಟ್ಟು. ಬಿದ್ದ ಮೇಲೆ ಸ್ವಲ್ಪ ಹೊತ್ತು ಜೀವವಿತ್ತು. ಬೇಗ ತಂದಿದ್ದರೆ ಉಳಿಯುತ್ತಿದ್ದನೋ ಏನೋ, ಹೇಳಲು ಬರುವುದಿಲ್ಲ ಎಂದು ಡಾಕ್ಟರು ಬರೆದಿದ್ದರು. ಆ ಕೊನೆಯ ಸಾಲನ್ನು ಗುರುಸಿದ್ದಯ್ಯ ಎರಡು ಸಲ ಓದಿದ.

ಗೌಸಮೊದ್ದೀನನ ಮನೆ ಊರ ಕೊನೆಯ ಓಣಿಯಲ್ಲಿ. ಬಾಗಿಲಲ್ಲಿ ಅರ್ಧ ಕಡೆದ ಒಳಕಲ್ಲು. ಒಳಗೆ ಹೊರಸಿನ ಮೇಲೆ ಮೈಮುನಾ, ಹಾಸಿಗೆ ಯಾವುದು ಮೈ ಯಾವುದು ಗೊತ್ತಾಗದಷ್ಟು ಬತ್ತಿದ್ದಳು. ಕ್ಷಯ. ಗಂಡ ಅವಳ ಬಾಯಿಗೆ ಚಮಚೆಯಿಂದ ಗಂಜಿ ಹಾಕುತ್ತಿದ್ದ. ಅರವತ್ತರ ಹತ್ತಿರದ ಮನುಷ್ಯ. ತಲೆಯ ಮೇಲೆ ರುಮಾಲಿರಲಿಲ್ಲ.

ಫೌಜದಾರನನ್ನು ಕಂಡು ಅವನು ಬೆಚ್ಚಲಿಲ್ಲ. ಬಟ್ಟಲು ಕೆಳಗಿಟ್ಟು, ಹೆಂಡತಿಯ ತುಟಿ ಒರೆಸಿ, ಹೊರಗೆ ಬಂದ.

"ರುಮಾಲು ಎಲ್ಲೈತಿ?"

"ನಿಮ್ಮ ಕಡೆ ಐತೆಲ್ರಿ."

"ಕಲ್ಲು ಯಾಕ ಕಿತ್ತಿ?"

"ಆಕಿ ಕೇಳಿದ್ಳರಿ. ಮಕ್ಕಳ ಬಾಜೂಕ ಮಲಗಸು ಅಂತ. ಇಪ್ಪತ್ತು ವರ್ಷದಿಂದ ಅದೊಂದ ಕೇಳ್ಯಾಳ, ಒಂದು ಸೀರಿ ಸೈತ ಕೇಳಿಲ್ಲ." ಅವನು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತ. "ಮುನ್ಸಿಪಾಲ್ಟಿಗೆ ಮೂರು ಸಲ ಹೋದೆ. ಹದ್ದಿನ ಒಳಗ ಹೂಳಾಕ ಬರೂದಿಲ್ಲ ಅಂದ್ರು. ಹಂಗಾದ್ರ ಹದ್ದು ಅದಕ್ಕಿಂತ ಈಚಿಗಿದ್ರ ಬರತೈತಲ್ಲ ಅಂತ ನನಗನಿಸ್ತು. ಆಕಿ ಹೋಗೂತನಕ ಅಷ್ಟರಿ. ಆಮ್ಯಾಲ ನಾನ ತಿರುಗಿ ನಡತಿದ್ದೆ."

"ದ್ಯಾಮಣ್ಣ?"

ಗೌಸಮೊದ್ದೀನ ಬಾಗಿಲ ಒಳಕಲ್ಲಿನ ಮೇಲೆ ಕೈಯಾಡಿಸಿದ. ಆಮೇಲೆ ತಡೆತಡೆದು ಹೇಳಿದ. ನಸುಕಿನಲ್ಲಿ ಕಲ್ಲು ಕಿತ್ತು ಉರುಳಿಸುವಾಗ ದ್ಯಾಮಣ್ಣ ಎದ್ದು ಬಂದು ಹಾರೆ ಹಿಡಿದ. ಇವನು ಬಿಡಲಿಲ್ಲ, ಅವನೂ ಬಿಡಲಿಲ್ಲ. ಜಗ್ಗಾಟದಲ್ಲಿ ಇವನ ಕೈ ಸಡಿಲಾಯಿತು. ಅವನು ಹಿಂದಕ್ಕೆ ಹೋಗಿ ಕಲ್ಲಿನ ಮೇಲೆ ಬಿದ್ದ.

"ಜೀವ ಇತ್ತಲ್ಲ?"

"ಇತ್ರಿ. ನೀರು ಬೇಡಿದ. ತಂಬಿಗಿಲೆ ಕುಡಿಸಿದೆ."

"ದವಾಖಾನಿಗೆ ಯಾಕ ಒಯ್ಯಲಿಲ್ಲ?"

"ಹೆಗಲ ಮ್ಯಾಲ ಹೊತ್ತಿದ್ದೆ. ರಸ್ತಾದ ತನಕ ಬಂದೆ." ಅವನು ರಸ್ತೆಯ ಕಡೆ ಕೈ ತೋರಿಸಿದ. "ಅಲ್ಲಿ ನಿಂತೆ ನೋಡ್ರಿ. ನನ್ನ ಹಿಡಕೊಂಡು ಹೋದ್ರ ಆಕಿಗೆ ನೀರು ಹಾಕವ್ರು ಯಾರು ಅಂತ ಮನಸ್ಸಿನಾಗ ಬಂತು. ನಿಂತು ವಿಚಾರ ಮಾಡಿದೆ. ವಿಚಾರ ಮುಗಿಯೂದರಾಗ ಅಂವ ಹೆಗಲ ಮ್ಯಾಲನ ತಣ್ಣಗಾಗಿದ್ದ. ತಿರುಗಿ ಒಯ್ದು ಮಲಗಿಸಿದೆ. ಯಾವ ಪದ್ಧತಿಲೆ ಮಲಗಿಸಬೇಕು ತಿಳೀಲಿಲ್ರಿ. ನಮಗ ಗೊತ್ತಿದ್ದಂಗ ಮಲಗಿಸಿದೆ."

ಅಬ್ದುಲಮಜೀದ ಗೋಡೆಯ ಕಡೆ ತಿರುಗಿ ನಿಂತಿದ್ದ.

"ನಡಿ," ಎಂದ ಗುರುಸಿದ್ದಯ್ಯ.

"ಸಾಹೇಬ್ರ, ನಾ ಓಡಿ ಹೋಗಾಂವ ಅಲ್ಲ. ಎರಡು ದಿವಸ, ಭಾಳಂದ್ರ ಮೂರು. ಆಕಿದು ಮುಗೀತಂದ್ರ ನಾನ ಠಾಣೆಕ್ಕ ಬರತೇನಿ."

ಗುರುಸಿದ್ದಯ್ಯ ಬಾಗಿಲಿನಿಂದ ಒಳಗಿನ ಹೊರಸನ್ನು ನೋಡಿದ. ಒಬ್ಬ ಮನುಷ್ಯ ಸತ್ತಿದ್ದ. ಅವನಿಗೂ ಹೆಂಡತಿಯಿದ್ದಳು. ತಪ್ಪೊಪ್ಪಿಕೊಂಡ ಆರೋಪಿಯನ್ನು ಮನೆಯಲ್ಲಿ ಬಿಟ್ಟು ಬರುವ ಅಧಿಕಾರ ಫೌಜದಾರನಿಗಿರಲಿಲ್ಲ.

"ಆಗೂದಿಲ್ಲ," ಎಂದ.

ಗೌಸಮೊದ್ದೀನ ತಲೆಯಾಡಿಸಿದ, ಗಿರಾಕಿ ದರ ಒಪ್ಪದಿದ್ದಾಗ ಆಡಿಸುವಂತೆ. ನೆರೆಮನೆಯ ರಾಜಬಿಯನ್ನು ಕರೆದು ಗಂಜಿಯ ಬಟ್ಟಲು ತೋರಿಸಿದ. ಒಳಗೆ ಹೋಗಿ ಹೆಂಡತಿಯ ಹತ್ತಿರ ಬಗ್ಗಿದ.

"ಧಾರವಾಡದಾಗ ಕೆಲಸ ಬಂದೈತಿ. ಮಾಳಮಡ್ಡಿಯೊಳಗ ಒಂದು ಮನಿ ಪಾಯಾ ಹಾಕೂದೈತಿ. ಹೋಗಿ ಬರತೇನಿ."

ಮೈಮುನಾ ಬಾಗಿಲಲ್ಲಿ ನಿಂತ ಖಾಕಿಯನ್ನು ನೋಡಿದಳು. "ಇವ್ರ ಮನೀನಾ?"

ಗುರುಸಿದ್ದಯ್ಯ ತಲೆಯ ಪಟಗ ತೆಗೆದು ಕೈಯಲ್ಲಿ ಹಿಡಿದ. "ಹೂನವಾ, ನಮ್ಮ ಮನೀನ. ಲಗೂನ ಕಳಸ್ತೇನಿ."

ಬೇಡಿ ಹಾಕಿದ್ದು ಓಣಿ ದಾಟಿದ ಮೇಲೆ.

ದ್ಯಾಮಣ್ಣನ ಹೆಂಡತಿ ಈರವ್ವನಿಗೆ ಹೇಳಲು ಗುರುಸಿದ್ದಯ್ಯನೊಬ್ಬನೇ ಹೋದ. ಹೊಸ್ತಿಲ ಮೇಲೆ ಕೂತಿದ್ದ ಆಕೆ ಎಲ್ಲವನ್ನೂ ತಲೆ ತಗ್ಗಿಸಿಕೊಂಡೇ ಕೇಳಿದಳು. ಗೌಸಮೊದ್ದೀನ ಹೆಗಲ ಮೇಲೆ ಹೊತ್ತು ರಸ್ತೆಯಲ್ಲಿ ನಿಂತದ್ದನ್ನೂ ಅವನು ಮುಚ್ಚಿಡಲಿಲ್ಲ.

"ನೀರು ಕುಡಿಸಿದನೇನ್ರಿ?"

"ಕುಡಿಸ್ಯಾನ."

"ಅಷ್ಟರೆ ಮಾಡಿದ್ನಲ್ಲ." ಆಕೆ ಸೆರಗಿನಿಂದ ಮೂಗೊರೆಸಿಕೊಂಡಳು. "ಆ ಹೆಣ್ಮಗಳ ಸಂಕಟ ನನಗ ತಿಳೀತೈತ್ರಿ. ಆದ್ರ ಅಂವ ರಸ್ತಾದಾಗ ಯಾರ ಸಲುವಾಗಿ ನಿಂತನಲ್ಲ, ಆಕಿ ಹೆಂಡ್ತಿ. ನಾನೂ ಹೆಂಡ್ತಿನ ಅಲ್ಲೇನ್ರಿ? ನಾ ಮಾಫಿ ಮಾಡಾಂಗಿಲ್ಲ. ನೀವು ಕೇಳಬ್ಯಾಡ್ರಿ."

ಅವನು ಕೇಳಲಿಲ್ಲ. ಕೇಳುವುದಕ್ಕೆಂದೇ ಬಂದಿದ್ದೆನೇನೋ ಎಂದು ಟಾಂಗಾದಲ್ಲಿ ಕೂತಾಗ ಅವನಿಗೆ ಅನ್ನಿಸಿತು.

ಗುರುವಾರ ಅವನು ಮುನ್ಸಿಪಾಲಿಟಿಯ ಅಧ್ಯಕ್ಷರ ಮನೆಗೆ ಹೋಗಿ ಒಂದೇ ಒಂದು ಗೋರಿಗೆ ಪರವಾನಗಿ ಕೇಳಿದ. ಅಧ್ಯಕ್ಷರು ಕೆಟ್ಟವರಲ್ಲ. ಚಹಾ ತರಿಸಿದರು. "ಫೌಜದಾರ್ರ, ಇವತ್ತು ಇವರಿಗೆ ಅಂದ್ರ ನಾಳೆ ಎಲ್ಲಾ ಮಂದಿಗೂ ಅನ್ನಬೇಕಾಗತೈತಿ. ಅದೂ ನಮ್ಮ ಪಹರೆಯವನ್ನ ಕೊಂದವನ ಸಲುವಾಗಿ ನಿಯಮ ಮುರೀರಿ ಅಂತೀರಿ. ಸಭಾದಾಗ ನಾ ಏನು ಹೇಳಲಿ?" ಗುರುಸಿದ್ದಯ್ಯ ಕಪ್ಪು ಕೈಗೆತ್ತಿಕೊಂಡ. ಚಹಾ ಕುಡಿದು ಬಂದ.

ಶುಕ್ರವಾರ ಮುಂಜಾನೆ ಮೈಮುನಾ ತೀರಿಕೊಂಡಳು. ಧಾರವಾಡದ ಮನೆಯ ಪಾಯ ಎಲ್ಲಿಗೆ ಬಂತು ಎಂದು ರಾಜಬಿಯನ್ನು ಎರಡು ಸಲ ಕೇಳಿದ್ದಳಂತೆ.

ಮ್ಯಾಜಿಸ್ಟ್ರೇಟರ ಹುಕುಮು ತಂದು, ಸೂರ್ಯ ಮುಳುಗುವುದರೊಳಗೆ ತಿರುಗಿ ತರುವ ಕರಾರಿನ ಮೇಲೆ ಗುರುಸಿದ್ದಯ್ಯ ಗೌಸಮೊದ್ದೀನನನ್ನು ಹೊರಗೆ ತಂದ. ಮುನ್ಸಿಪಾಲಿಟಿ ಗೊತ್ತುಮಾಡಿದ್ದ ಹೊಸ ಕಬರಸ್ಥಾನ ಊರಿನಿಂದ ಹರದಾರಿ ದೂರ. ಗಿಡವಿಲ್ಲ, ನೆರಳಿಲ್ಲ, ಗರಸು ನೆಲ. ನಾಲ್ಕು ಮೂಲೆಗೆ ಕಂಬ ಹೂಳಿ ತಂತಿ ಬಿಗಿದಿದ್ದರು. ಅಲ್ಲಿವರೆಗೆ ಅಲ್ಲಿ ಒಂದು ಗೋರಿಯೂ ಇರಲಿಲ್ಲ. ತೋಡುವವರು ಎಲ್ಲಿಂದ ಶುರು ಮಾಡಬೇಕು ತಿಳಿಯದೆ ಹೆಣ ಬರುವ ತನಕ ಕೈಕಟ್ಟಿ ನಿಂತಿದ್ದರು. ಕೊನೆಗೆ ಅಬ್ದುಲಮಜೀದನೇ ಒಂದು ಕಡೆ ಕಾಲೂರಿ, "ಇಲ್ಲೆ," ಎಂದ.

ಬೇಡಿ ಬಿಚ್ಚಿದರು. ಗೌಸಮೊದ್ದೀನ ಮೂರು ಹಿಡಿ ಮಣ್ಣು ಹಾಕಿದ. ದುವಾ ಮುಗಿಯಿತು. ಜನ ಒಬ್ಬೊಬ್ಬರಾಗಿ ಊರ ದಾರಿ ಹಿಡಿದರು. ಅವನು ಮಾತ್ರ ಏಳಲಿಲ್ಲ.

"ನಡಿಯಪಾ, ಹೊತ್ತಾತು," ಎಂದ ಗುರುಸಿದ್ದಯ್ಯ.

"ಎಲ್ಲಾರೂ ಹೋದ್ರ ಆಕಿ ಅಂಜತಾಳ್ರಿ. ಒಬ್ಬಾಕಿ ಇದ್ದು ರೂಢಿ ಇಲ್ಲ ಆಕಿಗೆ."

ಗುರುಸಿದ್ದಯ್ಯ ಬಿಸಿಲು ನೋಡಿದ. ಟಾಂಗಾದವನಿಗೆ ತಡೆ ಎಂದು ಕೈ ಮಾಡಿದ. ಆಮೇಲೆ ಗರಸಿನ ಮೇಲೆ, ಆರೋಪಿಯ ಪಕ್ಕಕ್ಕೆ, ಕಾಲು ಮಡಚಿ ಕೂತ. ಅಬ್ದುಲಮಜೀದನೂ ಕೂತ. ಬಿಸಿಲು ತಂತಿಯಿಂದ ಕೆಳಗಿಳಿಯುವ ತನಕ ಮೂವರೂ ಅಲ್ಲೇ ಇದ್ದರು.

ಮೊಕದ್ದಮೆ ಬಹಳ ದಿನ ನಡೆಯಲಿಲ್ಲ. ಗೌಸಮೊದ್ದೀನ ವಕೀಲನನ್ನು ಬೇಡವೆಂದ, ಒಂದು ಮಾತನ್ನೂ ಅಲ್ಲಗಳೆಯಲಿಲ್ಲ. ನಾಲ್ಕು ವರ್ಷ ಶಿಕ್ಷೆಯಾಗಿ ಬೆಳಗಾವಿಯ ಜೈಲಿಗೆ ಹೋದ. ಆತ ಕೊಲೆಗಾರನಲ್ಲ ಎಂದು ಗುರುಸಿದ್ದಯ್ಯ ಮನೆಯಲ್ಲಿ ಹೇಳಿದ್ದುಂಟು. ಈರವ್ವನ ಓಣಿಯಲ್ಲಿ ಹಾಯುವಾಗ ಆ ಮಾತು ಅವನ ಬಾಯಿಗೆ ಬರುತ್ತಿರಲಿಲ್ಲ.

ಮಳೆಗಾಲದಲ್ಲಿ ಕೈದಿಗಳನ್ನು ಮುಟ್ಟಿಸಲು ಅಬ್ದುಲಮಜೀದ ಬೆಳಗಾವಿಗೆ ಹೋದಾಗ ಗೌಸಮೊದ್ದೀನನನ್ನು ಕಂಡ. ಬಂದು ಫೌಜದಾರನಿಗೆ ವರದಿ ಒಪ್ಪಿಸಿ, ಹೋಗದೆ ನಿಂತ.

"ಹೊಸ ಜಾಗಾದಾಗ ಎರಡನೇ ಗೋರಿ ಆತು ಅಂತ ಹೇಳಿದೆ ಸಾಹೇಬ್ರ. ಮೂರು ವರ್ಷದ ಕೂಸು, ಜ್ವರ ಬಂದು ಹೋತು, ಆಕಿ ಬಾಜೂಕನ ಮಣ್ಣು ಕೊಟ್ಟಾರ ಅಂದೆ."

"ಏನಂದ?"

"ಹೆಣ್ಣೋ ಗಂಡೋ ಅಂತ ಕೇಳಿದ. ಹೆಣ್ಣು ಅಂದೆ." ಅಬ್ದುಲಮಜೀದ ಕಿಟಕಿಯ ಹೊರಗೆ ನೋಡಿದ. "ಆಕಿ ಬಾಜೂಕ ಅದಾಳ, ಕೂಸಿಗೆ ಅಂಜಿಕಿ ಇಲ್ಲ ಬಿಡು ಅಂದ್ನರಿ."