ತಿರುಗಿ ನೋಡದವನು

“ಭಾನೂ!”

ಸಹನಾ ಕೂಗಿದಳು. ಬಿಳಿ ಸಮವಸ್ತ್ರದ ಆ ಬೆನ್ನು ಕೈಗೆಟಕುವಷ್ಟು ಹತ್ತಿರದಲ್ಲೇ ಇತ್ತು. ಆದರೆ ಭಾನುಪ್ರಕಾಶ್ ತಿರುಗಿ ನೋಡಲಿಲ್ಲ. ಸೀದಾ ಹೋಗಿ ಜೀಪು ಹತ್ತಿಬಿಟ್ಟ!

ವಿಶಾಖಪಟ್ಟಣದ ಪರೇಡ್ ಮೈದಾನದಲ್ಲಿ ಬ್ಯಾಂಡು ಇನ್ನೂ ನುಡಿಯುತ್ತಿತ್ತು. ಆಗಷ್ಟೇ ಅವಳ ಅಮ್ಮ ಹೈಮಾವತಿ, ಮಗ ಭರತೇಶನ ಶೌರ್ಯ ಪದಕವನ್ನು ಸ್ವೀಕರಿಸಿದ್ದರು. ನೌಕಾಪಡೆಯಲ್ಲಿ ಡೈವಿಂಗ್ ಕಲಿಸುತ್ತಿದ್ದ ಭರತೇಶ, ಕಡಲಾಳದಲ್ಲಿ ಹಳೆಯ ಬಲೆಗೆ ಸಿಕ್ಕಿಕೊಂಡ ಟ್ರೈನಿಯೊಬ್ಬನನ್ನು ಬಿಡಿಸಿ ಮೇಲೆ ಕಳಿಸಿದ್ದ. ತಾನು ಮಾತ್ರ ಜೀವಂತ ಬರಲಿಲ್ಲ.

ಭಾನು ನೌಕಾಪಡೆಯಲ್ಲಿ ಅಣ್ಣನ ಜೊತೆಗೇ ಡೈವರ್, ಅವನ ಜೀವದ ಗೆಳೆಯ. ಭಾನುವಿನ ಅಮ್ಮ ಬಳ್ಳಾರಿಯವರು, ಅಪ್ಪ ವಿಶಾಖಪಟ್ಟಣದವರು. ಯುಗಾದಿಗೆಂದು ಅಣ್ಣನ ಜೊತೆ ಮನೆಗೆ ಬಂದವನು ಸಹನಾಳ ಮನಸ್ಸಿನಲ್ಲೇ ಉಳಿದುಬಿಟ್ಟಿದ್ದ. ನಿಶ್ಚಿತಾರ್ಥದ ಮಾತೂ ನಡೆದಿತ್ತು. ಅಣ್ಣ ಹೋದಮೇಲೆ ಅವನು ಬರಲಿಲ್ಲ, ಫೋನೂ ಎತ್ತಲಿಲ್ಲ.

‘ಅಣ್ಣನ ಜೊತೆಗೇ ನಾನೂ ಅವರಿಗೆ ಸತ್ತುಹೋದೆನಾ?’

ವಿಜಯವಾಡಕ್ಕೆ ಮರಳುವ ರೈಲಿನಲ್ಲಿ ಅಮ್ಮ ಪದಕದ ಪೆಟ್ಟಿಗೆಯನ್ನು ಎದೆಗವಚಿಕೊಂಡು ಕೂತಿದ್ದರು. ಸಹನಾ ಕಿಟಕಿಯ ಕಡೆ ಮುಖ ಮಾಡಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ಇದ್ದಳು.

ಮುಂದಿನ ಭಾನುವಾರ, ಗವರ್ನರ್‌ಪೇಟೆಯ ಅವರ ಬಾಡಿಗೆ ಮನೆಗೆ ಒಬ್ಬ ಯುವಕ ಬಂದ. ಭರತೇಶ ಉಳಿಸಿದ ಆ ಟ್ರೈನಿ, ಕೊಂಡಪಲ್ಲಿಯ ಸಾಯಿತೇಜ. ಅಮ್ಮನ ಕಾಲಿಗೆ ಬಿದ್ದವನು ಏಳಲೇ ಇಲ್ಲ.

“ಏಳಪ್ಪಾ… ನೀನು ಅಳ್ತಾ ಇರ್ಲಿ ಅಂತ ಅವನು ನಿನ್ನ ಉಳಿಸ್ಲಿಲ್ಲ. ಊಟ ಮಾಡ್ಕೊಂಡು ಹೋಗು,” ಎಂದು ಅಮ್ಮ ಅವನ ತಲೆ ಸವರಿದರು.

ಊಟಕ್ಕೆ ಕೂತಾಗ ಅವನೇ ತೆಲುಗಿನಲ್ಲಿ ಮಾತು ತೆಗೆದ. “ಅಕ್ಕಾ, ಭಾನು ಸಾರ್ ಬಂದಿದ್ರಾ?”

“ಅವರ ಸುದ್ದಿ ಬೇಡ. ಮೊನ್ನೆ ಹತ್ತಿರದಲ್ಲೇ ಕೂಗಿದೆ. ತಿರುಗಿಯೂ ನೋಡ್ಲಿಲ್ಲ!”

ಸಾಯಿತೇಜನ ಕೈ ಎಲೆಯ ಮೇಲೇ ನಿಂತಿತು.

“ಎಡಗಡೆಯಿಂದ ಕೂಗಿದ್ರಾ ಅಕ್ಕಾ? ಸಾರ್‌ಗೆ ಆ ಕಿವಿ ಕೇಳಿಸಲ್ಲ.”

“ಏನಂದೆ?”

“ಅವತ್ತು ಭಾನು ಸಾರ್ ನನ್ನನ್ನ ದೋಣಿಗೆ ಎಳೆದು ಹಾಕಿ, ಭರತೇಶ್ ಸಾರ್‌ಗಾಗಿ ಮುಳುಗಿದ್ರು. ಎಲ್ಲರೂ ಬೇಡ ಅಂದ್ರೂ ಮತ್ತೆ ಮತ್ತೆ ಮುಳುಗಿದ್ರು. ಕಿವಿಯಿಂದ ರಕ್ತ… ಕೊನೆಗೆ ಭರತೇಶ್ ಸಾರ್‌ನ ಎತ್ಕೊಂಡೇ ಮೇಲೆ ಬಂದ್ರು. ಆಮೇಲೆ ಭಾನು ಸಾರ್‌ನ ನೀರಿಗೆ ಇಳಿಸ್ತಿಲ್ಲ. ಈಗ ಸಾಮಾನಿನ ಲೆಕ್ಕ ನೋಡ್ಕೊಂಡು ಸ್ಟೋರ್ಸ್‌ನಲ್ಲಿದ್ದಾರೆ.”

ಸಹನಾ ಎದ್ದು ಅಡುಗೆಮನೆಗೆ ಹೋದಳು. ಗೋಡೆಗೆ ಒರಗಿ ಬಿಕ್ಕಿದಳು. ‘ನಾನು ಎಷ್ಟೆಲ್ಲ ಬೈದುಕೊಂಡೆನಲ್ಲಾ…’

ಹಿಂದೆಯೇ ಬಂದ ಅಮ್ಮ ಹೇಳಿದ್ದು ಇಷ್ಟೇ: “ಹೋಗಿ ಕರ್ಕೊಂಡು ಬಾ.”

ಮರುದಿನ ತಾನು ಕೆಲಸ ಮಾಡುವ ಬ್ಯಾಂಕಿಗೆ ರಜೆ ಹಾಕಿ ಅವಳು ವಿಶಾಖಪಟ್ಟಣದ ರೈಲು ಹತ್ತಿದಳು. ಡ್ಯೂಟಿ ಮುಗಿಸಿ ಗೇಟಿನಿಂದ ಹೊರಬಂದ ಭಾನು, ಅವಳನ್ನು ಕಂಡು ಕಂಬದಂತೆ ನಿಂತುಬಿಟ್ಟ. ಇಬ್ಬರೂ ಬೀಚ್ ರಸ್ತೆಯವರೆಗೆ ನಡೆದರು. ಕಟ್ಟೆಯ ಮೇಲೆ ಅವಳು ಅವನ ಬಲಕ್ಕೆ ಕೂತಳು.

“ಯಾರು ಹೇಳಿದ್ರು?” ಎಂದ ಅವನು, ಅವಳು ಬಲಕ್ಕೇ ಕೂತದ್ದು ಯಾಕೆಂದು ಅರ್ಥವಾಗಿ.

“ನೀವು ಹೇಳ್ಬೇಕಿತ್ತು.”

“ಏನಂತ ಹೇಳ್ಲಿ ಸಹನಾ? ನಿಮ್ಮಣ್ಣನ್ನ ಉಳಿಸ್ಲಿಕ್ಕೆ ಆಗ್ಲಿಲ್ಲ, ಕಿವೀನೂ ಹೋತು, ಆದರೂ ನನ್ನ ಮದುವಿ ಆಗು ಅಂತನಾ? ಯಾವ ಮುಖ ಹೊತ್ಕೊಂಡು ನಿಮ್ಮ ಮನಿಗೆ ಬರ್ಲಿ?”

ಸಹನಾಳಿಗೆ ಕೋಪವೂ ಅಳುವೂ ಒಟ್ಟಿಗೇ ಬಂದವು.

“ಅಣ್ಣ ಕಡಲಲ್ಲೇ ಉಳಿದುಬಿಟ್ಟಿದ್ರೆ ಅಮ್ಮ ಇವತ್ತಿಗೂ ಬಾಗಿಲು ಕಾಯ್ತಾ ಕೂತಿರ್ತಿದ್ರು, ಭಾನು. ಅಮ್ಮ ಕೊನೇ ಸಲ ಅವನ ಕೆನ್ನೆ ಮುಟ್ಟಿ ಕಳಿಸಿಕೊಟ್ರಲ್ಲ… ಅಷ್ಟು ಸಿಕ್ಕಿದ್ದು ನಿಮ್ಮಿಂದ! ನಿಮಗೆ ಅದು ಲೆಕ್ಕಕ್ಕೇ ಇಲ್ವಾ?”

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಅವಳು ಅವನ ಬೆನ್ನ ಮೇಲೆ ಕೈಯಿಟ್ಟು ಕೂತಳು. ಅಲೆಗಳು ಬಂದು ಬಂದು ಹೋದವು.

“ಅಮ್ಮಗೆ ನನ್ನ ಮ್ಯಾಲೆ ಸಿಟ್ಟಿಲ್ಲಾ?” ಅವನು ಮುಖ ಎತ್ತಿ ಕೇಳಿದ.

“ತುಂಬಾ ಇದೆ. ಒಬ್ಬ ಮಗ ಬರೋ ಹಾಗಿಲ್ಲ, ಇನ್ನೊಬ್ಬನಿಗೆ ಬರೋಕೆ ಏನು ದಾಡಿ ಅಂತ ಬೈತಿದ್ದಾರೆ.”

ಅವನು ಕಣ್ಣೊರೆಸಿಕೊಂಡ. “ಶನಿವಾರ ಬರ್ತೀನಿ.”

“ಶನಿವಾರ ಯಾಕೆ? ಇವತ್ತೇ ರಜೆ ಕೇಳಿ. ಸಂಜೆ ರೈಲಿಗೆ ಎರಡು ಟಿಕೆಟ್ ಮಾಡಿಸಿದ್ದೀನಿ.”

“ಬರಲ್ಲ ಅಂದಿದ್ರೆ?”

“ಪಕ್ಕದ ಸೀಟಲ್ಲಿ ಬ್ಯಾಗ್ ಇಟ್ಕೊಂಡು ವಿಜಯವಾಡದವರೆಗೂ ಅಳ್ತಾ ಹೋಗ್ತಿದ್ದೆ!”

ಭಾನು ನಕ್ಕ. ನಗುತ್ತಲೇ ಅವಳ ಕೈ ಹಿಡಿದುಕೊಂಡ.

“ಬ್ಯಾಗ್ ಮ್ಯಾಲೆ ಇಡೋಣು,” ಎಂದ ಮೆಲ್ಲಗೆ. “ಆ ಸೀಟು ನಂದು.”