ಹನ್ನೆರಡು ಪದಗಳ ಹಗ್ಗದಾಟ

“ಲೆಮನ್, ಲ್ಯಾಡರ್, ಟೈಗರ್, ವಿಂಡೋ...”

ಹಗ್ಗ ನೆಲಕ್ಕೆ ಬಡಿದಾಗಲೆಲ್ಲ ಪಟಪಟಿ ಒಂದೊಂದು ಪದ ಹೇಳುತ್ತ ಜಿಗಿದಳು. ಹನ್ನೆರಡನೇ ಪದಕ್ಕೆ ಸರಿಯಾಗಿ ಆಚೆ ಹಾರಿದಳು.

“ಯಾವ ಪದ್ಯ ಕಣೇ ಇದು? ತಲೆಬುಡ ಇಲ್ಲ,” ಎಂದಳು ಹಗ್ಗ ತಿರುಗಿಸುತ್ತಿದ್ದ ಗೆಳತಿ.

“ತಲೆಬುಡ ಯಾಕೆ? ಜಿಗಿಯೋಕೆ ಬರುತ್ತಲ್ಲ, ಸಾಕು.”

ಒಂದು ಸಲ ಓದಿದ್ದು ಅವಳಿಗೆ ಮರೆಯುತ್ತಿರಲಿಲ್ಲ. ಯಾವಾಗ ಕೇಳಿದರೂ ಪಟಪಟ ಒಪ್ಪಿಸುತ್ತಿದ್ದಳು. ಕ್ಲಾಸಿನಲ್ಲಿ ಪಟಪಟಿ ಅಂತ ಹೆಸರು ಬಿದ್ದದ್ದೇ ಹಾಗೆ. ಬೆಲ್ ಹೊಡೆಯುವಷ್ಟರಲ್ಲಿ ಇನ್ನೂ ಐದು ಹುಡುಗಿಯರಿಗೆ ಆ ಪದಗಳು ಬಾಯಿಪಾಠ ಆಗಿದ್ದವು.

ಅವು ಸಿಕ್ಕಿದ್ದು ಅಮ್ಮನ ನೇಮ್‌ಪ್ಲೇಟ್ ಅಂಗಡಿಯಲ್ಲಿ. ಸ್ಟೀಲ್ ತಗಡಿನ ಮೇಲೆ ಅಕ್ಷರದ ಅಚ್ಚು ಇಟ್ಟು ಸುತ್ತಿಗೆಯಿಂದ ಒಂದೇಟು ಹಾಕಿದರೆ ಒಂದು ಅಕ್ಷರ. ಹಿಂದಿನ ದಿನ ಹಲ್ಲಿನ ಡಾಕ್ಟರ್ ಒಂದು ಮಡಿಸಿದ ಚೀಟಿ ಕೊಟ್ಟು, “ಇದನ್ನ ಸ್ಟೀಲ್ ಮೇಲೆ ಹೊಡೆದುಕೊಡಿ. ಕಾಗದ ಆದ್ರೆ ನೆನೆಯುತ್ತೆ, ಸುಟ್ಟುಹೋಗುತ್ತೆ,” ಎಂದು ಹೋಗಿದ್ದರು. ಚೀಟಿ ನೋಡುತ್ತ ಸುತ್ತಿಗೆ ಎತ್ತಿದರೆ ಏಟು ಬೆರಳಿಗೆ ಬೀಳುತ್ತದೆ. ಅದಕ್ಕೇ ಪಟಪಟಿ ಅಮ್ಮನಿಗೆ ಒಂದೊಂದೇ ಅಕ್ಷರ ಓದಿ ಹೇಳಿದ್ದಳು.

ಸಂಜೆ ಅವಳು ಅಂಗಡಿಗೆ ಬಂದಾಗ ಡಾಕ್ಟರ್ ಪ್ಲೇಟ್ ತಿರುಗಿಸಿ ನೋಡುತ್ತಿದ್ದರು.

“ಚೆನ್ನಾಗಿದೆ. ನಿಮ್ಮನ್ನ ಬಿಟ್ಟು ಬೇರೆ ಯಾರೂ ನೋಡಿಲ್ಲ ತಾನೆ?”

“ಇವಳೇ ಓದಿ ಹೇಳಿದ್ದು. ಏನು ಡಾಕ್ಟ್ರೇ ಇದು, ಮಕ್ಕಳ ಸ್ಪೆಲ್ಲಿಂಗಾ?”

ಡಾಕ್ಟರ್ ದನಿ ತಗ್ಗಿಸಿದರು. “ಕ್ಲಿನಿಕ್ಕಿಗೆ ಎಕ್ಸ್‌ರೇ ಮೆಷಿನ್ ತರೋಣ ಅಂತ ಆರು ವರ್ಷದಿಂದ ಕೂಡಿಡ್ತಿದ್ದೀನಿ. ಬ್ಯಾಂಕಲ್ಲಲ್ಲ, ಕ್ರಿಪ್ಟೋ ಅಂತ ಇಂಟರ್ನೆಟ್ ದುಡ್ಡಲ್ಲಿ. ಈ ಹನ್ನೆರಡು ಪದಾನೇ ಅದರ ಬೀಗದ ಕೈ. ಇವನ್ನ ಇದೇ ಕ್ರಮದಲ್ಲಿ ಯಾರು ಟೈಪ್ ಮಾಡಿದ್ರೂ ಬಾಗಿಲು ತೆರೆಯುತ್ತೆ. ನೀವ್ಯಾರು ಅಂತ ಕೇಳೋದೂ ಇಲ್ಲ.”

ಪಟಪಟಿಗೆ ಬೆಳಗಿನ ಹಗ್ಗದಾಟ ನೆನಪಾಯಿತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆ ಪದ ಡಾಕ್ಟರದ್ದು ಅಂತ ಗೆಳತಿಯರಿಗೇನು ಕನಸು ಬಿದ್ದಿದೆಯಾ? ಆದರೆ ಒಬ್ಬಳು, ಸಂಜೆ ಅಕ್ಕನ ಫೋನಲ್ಲಿ ಹಗ್ಗದಾಟದ ವಿಡಿಯೋ ಮಾಡಿ ಹಾಕುತ್ತೇನೆ ಅಂದಿದ್ದಳು.

“ಡಾಕ್ಟರಾಂಟಿ, ನಾನು ಅದನ್ನ ಸ್ಕೂಲಲ್ಲಿ ಹೇಳಿಬಿಟ್ಟೆ. ಸ್ಕಿಪ್ಪಿಂಗ್ ಆಡೋಕೆ. ಐದು ಜನಕ್ಕೆ ಪೂರ್ತಿ ಬರುತ್ತೆ. ಒಬ್ಬಳು ವಿಡಿಯೋ ಹಾಕ್ತಾಳಂತೆ. ಇವತ್ತೇ.”

ಅಮ್ಮ ಸುತ್ತಿಗೆ ಕೆಳಗಿಟ್ಟಳು. “ಬ್ಯಾಂಕಿಗೆ ಫೋನ್ ಮಾಡ್ತೀವಲ್ಲ, ಹಾಗೆ ಯಾರಿಗಾದ್ರೂ ಹೇಳಿ ನಿಲ್ಲಿಸೋಕೆ ಆಗಲ್ವಾ?”

“ಅಲ್ಲಿ ಮ್ಯಾನೇಜರೂ ಇಲ್ಲ, ಕೌಂಟರೂ ಇಲ್ಲ. ಹೋದ್ರೆ ಹೋಯ್ತು.” ಡಾಕ್ಟರ್ ಆಗಲೇ ಬ್ಯಾಗ್ ಹೆಗಲಿಗೇರಿಸಿದ್ದರು. “ಅವಳನ್ನ ಬೈಬೇಡಿ. ಚೀಟಿ ಇನ್ನೊಬ್ಬರ ಕೈಗೆ ಕೊಟ್ಟಿದ್ದು ನಾನು.”

ಅವರು ಓಡುನಡಿಗೆಯಲ್ಲಿ ಕ್ಲಿನಿಕ್ ಕಡೆ ಹೋದರು. ಅಮ್ಮ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ಪಟಪಟಿಗೆ. ಚೆಲ್ಲಿದ್ದ ಅಚ್ಚುಗಳನ್ನು ಎ ಇಂದ ಝಡ್‌ವರೆಗೆ ಡಬ್ಬಿಯಲ್ಲಿ ಜೋಡಿಸಿದಳು. ಮತ್ತೆ ಸುರಿದು ಮತ್ತೆ ಜೋಡಿಸಿದಳು.

ಗಂಟೆ ಕಳೆದ ಮೇಲೆ ಡಾಕ್ಟರ್ ಬಂದರು. ಹಣೆಯ ಮೇಲೆ ಬೆವರಿತ್ತು.

“ಆ ದುಡ್ಡಿಡೋಕೆ ಹೊಸ ವಾಲೆಟ್ ಮಾಡಿದೆ. ಹೊಸ ಹನ್ನೆರಡು ಪದ. ಮೊದಲು ಚೂರೇ ಚೂರು ಕಳಿಸಿ, ಬಂತಾ ನೋಡಿ, ಆಮೇಲೆ ಎಲ್ಲಾನೂ ಕಳಿಸಿದೆ. ಹಳೇದನ್ನ ಈಗ ಊರೆಲ್ಲ ಹಾಡಿಕೊಳ್ಳಲಿ. ಅದು ಖಾಲಿ ಮನೆ.” ಪಟಪಟಿ ಕಡೆ ತಿರುಗಿದರು. “ನೀನು ಇವತ್ತೇ ಹೇಳಿದ್ದು ಒಳ್ಳೇದಾಯ್ತು.”

ಈ ಸಲ ನಾನೇ ಹೊಡೆಯುತ್ತೇನೆ, ಕಲಿಸಿಕೊಡಿ ಎಂದು ಅಮ್ಮನನ್ನು ಕೇಳಿದರು. ಹಳೆಯ ತಗಡಿನ ತುಂಡಿನ ಮೇಲೆ ಹೊಡೆದ ಮೊದಲ ಅಕ್ಷರ ತಲೆಕೆಳಗಾಗಿ ಬಂತು.

“ಹಲ್ಲು ಕೀಳೋರಿಗೆ ಇದ್ಯಾವ ಕಷ್ಟ, ಬಿಡಿ,” ಎಂದಳು ಅಮ್ಮ. ಐದಾರು ಅಕ್ಷರ ಆದ ಮೇಲೆ ಅವರ ಕೈ ಕುದುರಿತು. ಅಮ್ಮ ಮಗಳು ಹೊರಗೆ ಬಂದು ಶಟರ್ ಅರ್ಧ ಇಳಿಸಿ ಮೆಟ್ಟಿಲ ಮೇಲೆ ಕೂತರು.

ಒಳಗೆ ಟಣ್ ಎಂದಿತು. ಮತ್ತೊಂದು, ಇನ್ನೊಂದು. ನಾಲ್ಕು ಏಟಿನ ನಂತರ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಗಿ ಆರು ಏಟು ಬಿತ್ತು.

ನಾಲ್ಕು ಅಕ್ಷರದ ಪದ ಒಂದು, ಆರು ಅಕ್ಷರದ್ದು ಒಂದು. ಪಟಪಟಿ ಎಣಿಸಬೇಕು ಅಂದುಕೊಂಡಿರಲಿಲ್ಲ. ಅದು ತಾನಾಗಿಯೇ ತಲೆಯಲ್ಲಿ ಕೂತಿತು. ಮೂರನೆಯದರ ಮೊದಲ ಏಟು ಬೀಳುತ್ತಲೇ ಎದ್ದು ನಿಂತಳು.

“ಎಲ್ಲಿಗೆ?”

“ಆ ಕಡೆಗೆ. ಇಲ್ಲಿ ಕೇಳಿಸುತ್ತೆ.”

“ಸುತ್ತಿಗೆ ಸದ್ದಲ್ವಾ? ಕೇಳಿಸಿದ್ರೆ ಏನೀಗ?”

ಅವಳು ಅಮ್ಮನ ಕೈ ಹಿಡಿದು ಎಳೆದಳು. ಇಬ್ಬರೂ ರಸ್ತೆ ದಾಟಿ ಪಂಕ್ಚರ್ ಅಂಗಡಿಯ ಮುಂದೆ ನಿಂತರು. ಅಲ್ಲಿ ಗಾಳಿ ತುಂಬುವ ಮೆಷಿನ್ ಗಡಗಡ ಎನ್ನುತ್ತಿತ್ತು. ಬೇರೇನೂ ಕೇಳಿಸುತ್ತಿರಲಿಲ್ಲ.