ಕಾರ್ಡಿನ ಕಿಟಕಿ

"ಏನೇ ಇದು! ಆ ಪುಟದಲ್ಲಿ ಅಕ್ಷರವೇ ಇಲ್ವಲ್ಲೇ, ಬರೀ ಆನೆ ಇದೆ!"

ಪಕ್ಕದಲ್ಲಿ ಕೂತಿದ್ದ ಗೆಳತಿ ಹೀಗಂದದ್ದೇ ತಡ, ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ಎದ್ದು ನಿಂತು ಪಟಪಟನೆ ಪಾಠ ಓದುತ್ತಿದ್ದ ರೇಡಿಯೋ ಗಪ್‌ಚಿಪ್. ಬಾಯಿಗೆ ಬೀಗವೇ ಇಲ್ಲದ ಆ ಹುಡುಗಿಗೆ ಎಲ್ಲರೂ ಇಟ್ಟ ಹೆಸರು ಅದು.

ಅವಳಿಗೊಂದು ಗುಟ್ಟಿತ್ತು. ಪುಸ್ತಕ ತೆರೆದರೆ ಸಾಕು, ಸಾಲುಗಳು ಒಂದರ ಮೇಲೊಂದು ಹತ್ತಿ ಕೂರುತ್ತಿದ್ದವು. ಅದಕ್ಕೇ ಮನೆಯಲ್ಲಿ ಅಕ್ಕನಿಂದ ಓದಿಸಿ, ಕೇಳಿ ಕೇಳಿ ಬಾಯಿಪಾಠ ಮಾಡುತ್ತಿದ್ದಳು. ಎಲ್ಲಿ ಪುಟ ಮಗುಚಬೇಕು ಅನ್ನುವುದೂ ಸೇರಿ! ಇವತ್ತು ಎರಡು ಹಾಳೆ ಅಂಟಿಕೊಂಡು ಕೈಕೊಟ್ಟವು.

"ರೇಡಿಯೋ ಕೆಟ್ಟೋಯ್ತು!" ಹಿಂದಿನ ಬೆಂಚು ಕೂಗಿತು.

ಟೀಚರ್ ಮಾತ್ರ ನಗಲಿಲ್ಲ. "ನಾಳೆ ಹೊಸ ಪಾಠ. ನಾಲ್ಕೇ ಸಾಲು ಓದು ಸಾಕು. ನಿಧಾನವಾದ್ರೂ ಸರಿ, ಬಾಯಿಪಾಠ ಬೇಡ."

ಸಂಜೆ ಅಪ್ಪನ ಫೋಟೋ ಫ್ರೇಮಿನ ಅಂಗಡಿಯಲ್ಲಿ ಅವಳು ಮುಖ ಊದಿಸಿಕೊಂಡು ಕೂತಳು.

"ಅಪ್ಪಾ, ನಾಳೆಯಿಂದ ಸ್ಕೂಲಿಗೆ ಹೋಗಲ್ಲ. ಇಲ್ಲೇ ಗಾಜು ಒರೆಸ್ತೀನಿ."

"ಒರೆಸುವೆಯಂತೆ. ಮೊದಲು ಏನಾಯ್ತು ಹೇಳು."

ಎಲ್ಲ ಹೇಳಿದಳು. ಸಾಲುಗಳು ಹತ್ತಿ ಕೂರುವುದನ್ನೂ, ಆನೆಯನ್ನೂ. ಆನೆ ಬಂದಾಗ ಅಪ್ಪನಿಗೆ ನಗು ತಡೆಯಲಾಗಲಿಲ್ಲ. ಅವಳಿಗೂ ಚೂರು ನಗು ಬಂತು.

ಅಪ್ಪನ ಮೇಜಿನ ಮೇಲೆ ಇಪ್ಪತ್ತು ಜನ ಒತ್ತಿಕೊಂಡು ನಿಂತಿದ್ದ ಫೋಟೋ. ಗಿರಾಕಿಗೆ ಅದರಲ್ಲಿ ಅಜ್ಜಿಯೊಬ್ಬರೇ ಬೇಕಂತೆ. ಅಪ್ಪ ದಪ್ಪ ಕಾರ್ಡಿನ ನಡುವೆ ಪುಟ್ಟ ಕಿಟಕಿ ಕೊರೆದು ಫೋಟೋದ ಮೇಲಿಟ್ಟರು. ಕಿಟಕಿಯಲ್ಲಿ ಅಜ್ಜಿ ಮಾತ್ರ!

"ಉಳಿದೋರೆಲ್ಲ ಎಲ್ಲಿ ಹೋದ್ರು?"

"ಎಲ್ಲೂ ಹೋಗಿಲ್ಲ ಮಗಳೇ. ಹಿಂದೆ ಇದ್ದಾರೆ. ಗದ್ದಲ ಮಾಡ್ತಿಲ್ಲ, ಅಷ್ಟೇ."

ರೇಡಿಯೋ ಅಜ್ಜಿಯನ್ನೇ ನೋಡಿದಳು. ನೋಡುತ್ತಾ ನೋಡುತ್ತಾ ಕಣ್ಣರಳಿತು. ಕೆಳಗೆ ಬಿದ್ದಿದ್ದ ಕಾರ್ಡಿನ ತುಂಡೊಂದನ್ನು ಗಬಕ್ಕನೆ ಎತ್ತಿಕೊಂಡಳು.

"ಅಪ್ಪಾ, ನಂಗೂ ಒಂದು ಕಿಟಕಿ! ಒಂದೇ ಒಂದು ಸಾಲು ಹಿಡಿಯುವಷ್ಟು!"

ಮರುದಿನ ಕ್ಲಾಸಿನಲ್ಲಿ ಅವಳು ಕಾರ್ಡನ್ನು ಪುಸ್ತಕದ ಮೇಲಿಟ್ಟಳು. ಕಿಟಕಿಯಲ್ಲಿ ಒಂದು ಸಾಲು, ಒಂಟಿಯಾಗಿ, ಸುಮ್ಮನೆ ನಿಂತಿತ್ತು. ಬೆರಳಿಟ್ಟು ಒಂದೊಂದೇ ಪದ ಓದಿದಳು. ನಡುವೆ ಒಂದು ಕಡೆ ಸಿಕ್ಕಿಕೊಂಡಳು. ಯಾರೋ ಕಿಸಕ್ಕೆಂದರು. ಟೀಚರ್ ಕಾದರು. ಅವಳು ಹಿಂದಕ್ಕೆ ಹೋಗಿ ಆ ಪದವನ್ನು ಮತ್ತೆ ಹಿಡಿದಳು. ಈ ಸಲ ಅದು ಸಿಕ್ಕಿತು.

"ಮುಗೀತಾ?" ಪಕ್ಕದ ಗೆಳತಿ ಪಿಸುಗುಟ್ಟಿದಳು.

"ಇಲ್ಲ ಕಣೇ, ಇನ್ನೂ ಮೂರಿವೆ. ಹಿಂದೆ ಇವೆ, ಗದ್ದಲ ಮಾಡ್ತಿಲ್ಲ."

ರೇಡಿಯೋ ಕಿಟಕಿಯನ್ನು ಒಂದು ಸಾಲು ಕೆಳಕ್ಕೆ ಸರಿಸಿದಳು.